ಚೋಕ್ ಇಳಿಸಮ್ಮ

ಮಹಡಿ ಕಿಟಕಿಯಲ್ಲಿ ಮುದುಕ ಮೆಕ್ಯಾನಿಕ್ ಬೈಯಲು ಬಾಯಿ ತೆರೆದೇ ನಿಂತಿದ್ದ. ಕೆಳಗೆ ಎದುರುಮನೆಯ ನರ್ಸ್ ತನ್ನ ಹಳೇ ಬೈಕಿನಲ್ಲಿ ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬಿಡುವ ಚೋಕ್ ಎತ್ತಿ, ಎರಡೇ ಕಿಕ್ಕಿಗೆ ಸ್ಟಾರ್ಟ್ ಮಾಡಿದಳು. ದಿನವೂ ಚೋಕ್ ಇಳಿಸದೇ ಹೊರಟುಬಿಡುವವಳು ಇವತ್ತು ಹಾಗೆ ಮಾಡಲಿಲ್ಲ. ಎಂಜಿನ್ ಬಿಸಿಯಾಗಲೆಂದು ಕಾದು, ಸದ್ದು ಹದಕ್ಕೆ ಬಂದ ಮೇಲೆ ತಾನೇ ಚೋಕ್ ಇಳಿಸಿದಳು.

"ನೋಡಿದ್ರಾ ತಾತ? ಇವತ್ತು ನಿಮ್ಮ ಬಾಯಿಗೆ ಬೀಗ!"

ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಅವನು "ಚೋಕ್ ಇಳಿಸಮ್ಮ, ಪ್ಲಗ್ ಕಪ್ಪಾಗತ್ತೆ" ಎಂದು ಕೂಗುತ್ತಿದ್ದ. ಅವಳು "ಮರೆತೇ ಹೋಯ್ತು ತಾತ" ಎಂದು ನಗುತ್ತಿದ್ದಳು. ಇಡೀ ದಿನದಲ್ಲಿ ಅವನು ಇನ್ನೊಬ್ಬರೊಡನೆ ಆಡುತ್ತಿದ್ದ ಮಾತು ಅಷ್ಟೇ.

ಅವನು ಬೈಕಿನಲ್ಲಿ ಬೇರೇನಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದ. "ಚೈನಿಗೆ ಎಣ್ಣೆ ಬಿಡಮ್ಮ!" ಎಂದು ಕೂಗುವಷ್ಟರಲ್ಲಿ, ಆಗಲೇ ಎಣ್ಣೆ ಬಿಟ್ಟಿದ್ದ ಚೈನು ಬಿಸಿಲಿಗೆ ಮಿನುಗುತ್ತಾ ತಿರುವು ದಾಟಿತ್ತು.