ಡಿಕ್ಕಿಯೊಳಗಿನ ಸದ್ದು

ಕುಂದಾಣ ಬಿಟ್ಟಾಗಿನಿಂದ ಡಿಕ್ಕಿಯೊಳಗೆ ಏನೋ ಉರುಳುತ್ತಿತ್ತು. ನೆಲಮಂಗಲ ದಾಟಿದ ಮೇಲೆ ಕೊಂಡಪ್ಪ ರೇಗಿ ಟ್ಯಾಕ್ಸಿ ನಿಲ್ಲಿಸಿದ. ಸಂಜೆಯೊಳಗೆ ಹುಬ್ಬಳ್ಳಿ ಮುಟ್ಟಬೇಕು. ನಾಡಿದ್ದಿನಿಂದ ಮಹಾಬಲೇಶ್ವರದಲ್ಲಿ ಬೇಸಿಗೆಯ ಪ್ರವಾಸಿಗರನ್ನು ಸುತ್ತಿಸುವ ಕೆಲಸ.

ಹೋದ ವರ್ಷ ಮಳೆ ಹಿಡಿಯುವಷ್ಟರಲ್ಲಿ ಬರುತ್ತೇನೆಂದವನು ದೀಪಾವಳಿಗೆ ಬಂದಿದ್ದ. ಈ ಸಲ ಹೆಂಡತಿ ಅಕ್ಕಯಮ್ಮ ಅಳಲಿಲ್ಲ. ತಾನೇ ಡಿಕ್ಕಿ ತುಂಬಿ, “ಬೇಗ ಬಂದೇ ಬರ್ತೀಯ ಬಿಡು” ಎಂದು ನಕ್ಕಿದ್ದಳು. ಆ ನಗು ದಾರಿಯುದ್ದಕ್ಕೂ ಅವನನ್ನು ಕೊರೆಯುತ್ತಿತ್ತು.

ಡಿಕ್ಕಿ ತೆರೆದ. ಹಾಸಿಗೆ ಸುರುಳಿಯ ಹಿಂದೆ, ಹಳೇ ಸೀರೆಯಲ್ಲಿ ಸುತ್ತಿದ ಮನೆಯ ರುಬ್ಬುಗುಂಡು.

“ಇದ್ಯಾಕಣ್ಣಾ ತಂದೆ?” ಜೊತೆಗೆ ತನ್ನ ಟ್ಯಾಕ್ಸಿಯಲ್ಲಿ ಹೊರಟಿದ್ದ ಡ್ರೈವರ್ ಗಂಗಣ್ಣ ಇಳಿದು ಬಂದು ನಕ್ಕ. “ಒರಳೆಲ್ಲಿ?”

ಕೊಂಡಪ್ಪ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ ಮುಂದಿನ ಸೀಟಿನ ಮೇಲೆ ಮೆಲ್ಲಗೆ ಇಟ್ಟ.

“ಒರಳು ಕುಂದಾಣದಲ್ಲೈತೆ ಕಣೋ.”