ಹೊಡೆಯದ ಗಂಟೆ

ಸರ್ಕಾರಕ್ಕೆ ಸಲಹೆ ಕೊಡುವ ನನ್ನಂಥ ವಿಜ್ಞಾನಿಗಳೆಲ್ಲ ಕೊರಳಿಗೆ ಗಂಟೆ ಕಟ್ಟಿಕೊಳ್ಳಬೇಕೆಂಬ ಕಾನೂನು ಬಂದು ವರ್ಷಗಳಾದವು. ಕೊಡುವವರ ಸ್ವಂತ ಜೇಬಿಗೇ ಲಾಭ ತರುವ ಸಲಹೆಯಾದರೆ ಗಂಟೆ ತಾನಾಗಿಯೇ ಹೊಡೆದುಕೊಳ್ಳುತ್ತದೆ. ಮೊದಮೊದಲು ಜನ ಬೆಚ್ಚಿಬೀಳುತ್ತಿದ್ದರು. ಈಗ ಗಂಟೆ ಸದ್ದಿಲ್ಲದಿದ್ದರೆ ಮೀಟಿಂಗೇ ಬಣಗುಟ್ಟುತ್ತದೆ.

ಇವತ್ತು ಕೆರೆ ನೀರಿನ ವಿಚಾರ. ದಡದಲ್ಲಿರುವ ಬಣ್ಣದ ಕಾರ್ಖಾನೆಯಲ್ಲಿ ಪಾಲಿರುವ ಡಾ. ಪರಶಿವಮೂರ್ತಿ, "ಧಾರಾಳವಾಗಿ ಕುಡಿಯಬಹುದು" ಎಂದರು. ಗಂಟೆ ಹೊಡೆಯಿತು. ಸಚಿವರು ತಲೆದೂಗಿದರು.

"ಆ ನೀರು ಕುಡಿದ ಮಕ್ಕಳ ಕಿಡ್ನಿ ಹಾಳಾಗ್ತಿದೆ ಸಾರ್" ಎಂದೆ ನಾನು. ನನ್ನ ಗಂಟೆ ಸುಮ್ಮನಿತ್ತು. ಎಲ್ಲರೂ ನನ್ನ ಕೊರಳನ್ನೇ ನೋಡಿದರು.

"ಮೇಡಂ, ನಿಮ್ಮ ಗಂಟೆ ಕೆಟ್ಟಿರಬೇಕು" ಎಂದರು ಸಚಿವರು. "ಕೆಟ್ಟ ಗಂಟೆ ಕಟ್ಕೊಂಡು ಹೇಳಿದ್ದನ್ನ ಹೇಗೆ ನಂಬೋದು?"

ಗಂಟೆಗಳ ತಪಾಸಣೆಗೆಂದೇ ಸರ್ಕಾರ ಇಟ್ಟುಕೊಂಡಿರುವ ಸಲಹೆಗಾರ ನಾಗಭೂಷಣರು ಎದ್ದುಬಂದರು. ಗಂಟೆ ಮಾಡುವ ಕಂಪನಿಯೂ ಅವರದೇ. ನನ್ನದನ್ನು ಬೆರಳಲ್ಲಿ ತಟ್ಟಿ ನೋಡಿ, "ಇದು ರಿಪೇರಿಯಾಗೋದಲ್ಲ ಸಾರ್, ಹೊಸದೇ ಕೊಳ್ಳಬೇಕು" ಎಂದರು.

ಅವರ ಕೊರಳಲ್ಲಿದ್ದ ಗಂಟೆ ಗಣಗಣ ಹೊಡೆಯಿತು.

"ನೋಡಿ ಮೇಡಂ" ಎಂದರು ಸಚಿವರು, "ಗಂಟೆ ಅಂದ್ರೆ ಹೀಗಿರಬೇಕು."