ಗುಂಡ್ಯದ ಬಸ್ಸಿನ ಹಾಡು

ಮೈಕಿನ ಮುಂದೆ ಕೂತ ಧರ್ಮಪಾಲ ಹಾರ್ಮೋನಿಯಂನ ತಿದಿ ಒತ್ತಿ ಎರಡನೆಯ ಚರಣಕ್ಕೆ ಬಾಯಿ ತೆರೆದಿದ್ದ. ಅಷ್ಟರಲ್ಲಿ ಮದುಮಗಳ ಸೋದರತ್ತೆ ಪೂವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಚಪ್ಪರದ ಹಿಂದಿನಿಂದ ಬಂದರು. ಮದುಮಗಳ ತಂದೆ ದೇರಣ್ಣನವರ ಕಿವಿಯಲ್ಲಿ ಅವರು ಹೇಳಿದ್ದು ಪಕ್ಕದಲ್ಲೇ ಇದ್ದ ಇವನಿಗೂ ಕೇಳಿಸಿತು.

"ಸೇವಂತಿ ಇಲ್ಲ ಅಣ್ಣ! ದೊಡ್ಡಪ್ಪನ ಮನೆಯಲ್ಲಿ ಶೃಂಗಾರ ಆಗ್ತಾ ಉಂಟು ಅಂತ ನಾವು, ಇಲ್ಲಿ ಮೀಯ್ತಾ ಇದ್ದಾಳೆ ಅಂತ ಅವರು. ನೋಡಿದ್ರೆ ಎರಡು ಕಡೆಯೂ ಇಲ್ಲ."

ಧರ್ಮಪಾಲನ ಬೆರಳು ಒಂದೇ ಸ್ವರದ ಮೇಲೆ ನಿಂತುಬಿಟ್ಟಿತು. ಅವನಿಗೆ ಸೇವಂತಿಯ ಮೇಲೆ ಮನಸ್ಸಿದ್ದದ್ದು, ಅವಳಿಗೂ ಇವನ ಮೇಲೆ ಇದ್ದದ್ದು ಇಡೀ ಇಚಿಲಂಪಾಡಿಯಲ್ಲಿ ಡೋಲಕ್ ಬಾರಿಸುವ ಸಾಹುಲ್ ಹಮೀದನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೋಗಿ ಹೆಣ್ಣು ಕೇಳುವ ಧೈರ್ಯ ಈ ಪುಣ್ಯಾತ್ಮನಿಗೆ ಬರಲೇ ಇಲ್ಲ. ಅವಳಿಗೆ ಬೇರೆ ಕಡೆ ನಿಶ್ಚಯವಾದ ಮೇಲೆ ಕೂತು ಅತ್ತ, ಅತ್ತು ಒಂದು ಹಾಡು ಬರೆದ: "ಓಡುವೆನು ಓಡುವೆನು ಘಾಟಿಯ ದಾಟಿ, ಈ ಊರ ನೋವಿಗೆ ಇನ್ನಿಲ್ಲ ಭೇಟಿ." ರಾಗ ಕಟ್ಟಲು ಕೂತ ಸಾಹುಲ್ ಹಮೀದ ಅದನ್ನು ಕೇಳಿ ಮೂಗು ಮುರಿದ. "ಒಬ್ಬನೇ ಓಡುದು ಎಂತಕ್ಕೆ ಮಾರಾಯ? ಹುಡುಗಿಯನ್ನೂ ಕರಿ. ಜನ ಚಪ್ಪಾಳೆ ಹೊಡೀಬೇಕಲ್ಲ!" ಎಂದು ತಾನೇ ಎರಡು ಸಾಲು ಸೇರಿಸಿದ: "ಗುಂಡ್ಯದ ಕಟ್ಟೆಗೆ ಹತ್ತರ ಬಸ್ಸು, ನೀನೂ ಬಾರೆಂದು ಕರೆದಿದೆ ಮನಸು."

ಹಾಡು ಹಿಡಿಯಿತು ನೋಡಿ! ಅರುವತ್ತನಾಲ್ಕರ ಆ ಬೇಸಗೆಯಲ್ಲಿ ಕಡಬದಿಂದ ಸವಣೂರಿನವರೆಗೆ ಅದಿಲ್ಲದೆ ಒಂದು ಮದುವೆ ಆಗಲಿಲ್ಲ. ಮದುವೆ ಮನೆಯಲ್ಲಿ ಓಡಿ ಹೋಗುವ ಹಾಡು ಎಂತಕ್ಕೆ ಎಂದು ಒಬ್ಬನೂ ಕೇಳಲಿಲ್ಲ. ನಿನ್ನೆ ಮದರಂಗಿಯ ದಿನ ಇದೇ ಚಪ್ಪರದಲ್ಲಿ ಹಾಡಿದಾಗ, ಇನ್ನೊಮ್ಮೆ ಹಾಡಬೇಕಂತೆ ಎಂದು ಒಳಗಿನಿಂದ ಹೇಳಿ ಕಳಿಸಿದ್ದು ಸ್ವತಃ ಮದುಮಗಳು. ಪಾಪ, ಅವಳಿಗೂ ಅಳು ಬಂದಿರಬೇಕು ಎಂದುಕೊಂಡು ಧರ್ಮಪಾಲ ಕಣ್ಣು ಮುಚ್ಚಿ ಹಾಡಿದ್ದ.

ಸಾಹುಲ್ ಹಮೀದ ಮೈಕಿಗೆ ಅಂಗೈ ಅಡ್ಡ ಹಿಡಿದ.

"ಯಾ ಅಲ್ಲಾ! ಧರ್ಮಪಾಲಾ, ನಿನ್ನೆ ನಾನು ಕಾಪಿ ತರ್ಲಿಕ್ಕೆ ಹೋದಾಗ ಕಿಟಿಕಿಯಲ್ಲಿ ನಿಂತು ಕೇಳಿದ್ಳು, ಹಾಡಿನ ಬಸ್ಸು ನಿಜಕ್ಕೂ ಉಂಟಾ ಅಂತ. ಉಂಟು, ಹತ್ತಕ್ಕೆ ಸರಿಯಾಗಿ ಬರ್ತದೆ ಅಂತ ನಾನು ನಗಾಡಿದೆ. ಅವಳು ನಗ್ಲಿಲ್ಲ ಮಾರಾಯ."

ಧರ್ಮಪಾಲನಿಗೆ ಈಗ ಅರ್ಥವಾಯಿತು. ಅಯ್ಯೋ ದೇವರೇ, ತಾನು ಅತ್ತು ಹಗುರಾಗಲಿಕ್ಕೆ ಬರೆದದ್ದನ್ನು ಅವಳು ತನಗೆ ಕೊಟ್ಟ ಮಾತೆಂದು ತಿಳಿದಿದ್ದಳು! ಗಂಟೆ ಒಂಬತ್ತು ಆಗಿತ್ತಷ್ಟೆ. ಸೇವಂತಿಯ ಸೋದರಮಾವ ಸುಂದರ ಆಗಲೇ ತನ್ನ ಜೀಪು ಹೊರಡಿಸಿ, ಬಸ್ಸು ನಿಲ್ಲುವಲ್ಲೆಲ್ಲ ನೋಡಿ ಬರುತ್ತೇನೆ, ಯಾರಾದರೂ ಒಬ್ಬರು ಬನ್ನಿ ಎಂದು ಕೈ ಬೀಸುತ್ತಿದ್ದ.

"ಜೀಪು ಹತ್ತು ಮಾರಾಯ, ಹತ್ತು!" ಸಾಹುಲ್ ಹಮೀದ ಇವನ ಬೆನ್ನಿಗೊಂದು ಗುದ್ದಿದ. "ಇಲ್ಲಿಯದ್ದು ನಾನು ಹೇಗಾದ್ರೂ ಸುಧಾರಿಸ್ತೇನೆ."

ಧರ್ಮಪಾಲ ಎದ್ದದ್ದು ಹೌದು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದೂ ಹೌದು. ಅಷ್ಟರಲ್ಲಿ ದೇರಣ್ಣನವರು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಯಾರ ಮುಂದೆಯೂ ತಗ್ಗದ ಮನುಷ್ಯ, ಕಣ್ಣಲ್ಲಿ ನೀರು.

"ನೀನು ಹೋಗ್ಬೇಡ ಧರ್ಮಪಾಲ, ನಿನ್ನ ದಮ್ಮಯ್ಯ. ದಿಬ್ಬಣದವರು ಎದ್ದು ಒಳಗೆ ಬಂದ್ರೆ ನನ್ನ ಮಾನ ಹೋಯ್ತು. ಸುಂದರ ಬರುವವರೆಗೆ ಹಾಡ್ತಾ ಇರು. ಅದೇ, ನಿಮ್ಮ ಬಸ್ಸಿನ ಹಾಡು. ಅದಾದ್ರೆ ಯಾರೂ ಏಳುದಿಲ್ಲ."

ಜೀಪು ಹೊರಟು ತಿರುವಿನಲ್ಲಿ ಕಾಣದಾಯಿತು. ಧರ್ಮಪಾಲ ಹಿರಿಯರ ಮಾನದ ಪ್ರಶ್ನೆ ಎಂದು ತನಗೆ ತಾನೇ ಹೇಳಿಕೊಂಡು ಚಪ್ಪಲಿ ಬಿಟ್ಟು ಕೂತ. ನಿಜ ಹೇಳಬೇಕೆಂದರೆ ಜೀಪು ಹೋದದ್ದು ಅವನಿಗೆ ಒಳಗೊಳಗೇ ಸಮಾಧಾನವೇ ಆಗಿತ್ತು. ಕೂತಲ್ಲಿಂದ ಅಲುಗದೆ "ಓಡುವೆನು ಓಡುವೆನು" ಎಂದು ಹಾಡಿದ. ದಿಬ್ಬಣದವರು ತಲೆದೂಗಿದರು, ಮದುಮಗ ತೊಡೆಯ ಮೇಲೆ ತಾಳ ಹಾಕಿದ, ಹಿಂದಿನಿಂದ ಯಾರೋ ಒನ್ಸ್ ಮೋರ್ ಎಂದರು. ಮತ್ತೆ ಹಾಡಿದ. ಸಾಹುಲ್ ಹಮೀದ ಡೋಲಕ್ ಬಾರಿಸಿದನೇ ಹೊರತು ಒಮ್ಮೆಯೂ ಇವನ ಮುಖ ನೋಡಲಿಲ್ಲ.

ಜೀಪು ತಿರುಗಿ ಬಂದಾಗಲೂ ಧರ್ಮಪಾಲ ಅದನ್ನೇ ಹಾಡುತ್ತಿದ್ದ. ಸುಂದರ ಒಬ್ಬನೇ ಇಳಿದ.

"ಹೋದ್ಳು ಭಾವ," ಅವನು ದೇರಣ್ಣನವರ ಬಳಿ ಬಂದು ತಗ್ಗಿದ ಸ್ವರದಲ್ಲಿ ಹೇಳಿದ. "ಗುಂಡ್ಯದಲ್ಲಿ ಬಸ್ಸು ಹತ್ತಿದ್ದಾಳೆ. ಉಳಿದ ಕಡೆ ಎಲ್ಲ ನೋಡಿ ನಾನು ಅಲ್ಲಿಗೆ ಮುಟ್ಟುವಾಗ ಬಸ್ಸು ಘಾಟಿಯಲ್ಲಿತ್ತು. ಚಾ ಅಂಗಡಿಯವರು ಹೇಳಿದ್ರು, ಟಿಕೇಟು ಎರಡು ತಕ್ಕೊಂಡಿದ್ದಾಳಂತೆ. ಇನ್ನೊಬ್ಬರು ಬರ್ಲಿಕ್ಕುಂಟು ಅಂತ ಕಂಡಕ್ಟರನಿಗೆ ಕೈಮುಗಿದು ಬಸ್ಸು ನಿಲ್ಲಿಸಿದ್ಳಂತೆ. ಯಾರೂ ಬರ್ಲಿಲ್ಲ. ಕಡೆಗೆ, ಇನ್ನು ಹೋಗುವ ಅಂತ ಅವಳೇ ಹೇಳಿದ್ಳಂತೆ."

ದೇರಣ್ಣನವರು ಹಾರ್ಮೋನಿಯಂನ ಪಕ್ಕದಲ್ಲೇ ಕುಸಿದು ಕೂತರು. ಧರ್ಮಪಾಲನ ಭುಜದ ಮೇಲೆ ಕೈಯಿಟ್ಟು ಕೇಳಿದರು:

"ಅಲ್ಲ ಧರ್ಮಪಾಲ, ಹೆಣ್ಣು ಅಷ್ಟು ಧೈರ್ಯ ಮಾಡಿ ಹೋಗಿ ನಿಂತ ಮೇಲೂ ಬಾರದೆ ಕೂತನಲ್ಲ, ಅವ ಎಂತ ಗಂಡಸು ಮಾರಾಯ?"